ಷರಾ

ಗಿಣಿಗೇರಿಯ ಕಾರ್ಖಾನೆಯಲ್ಲಿ ನನ್ನದು ಗುಮಾಸ್ತಿಕೆ.
ಈ ವರ್ಷ ಹೊಸ ನಮೂನೆ ಬಂದಿದೆ, ಯುರೋಪಿನಿಂದ:
ಒಂದು ಟನ್ ಉಕ್ಕಿಗೆ ಎಷ್ಟು ಟನ್ ಹೊಗೆ?
ಬಿಂದುವಿನಾಚೆ ಮೂರು ಅಂಕಿ ಬೇಕಂತೆ.

"ಇನ್ನೂರು ವರ್ಷ ಅವರ ಚಿಮಣಿ ಉಗುಳಿತಲ್ಲ,
ಯಾರಿಗೆ ಕೊಟ್ಟರು ಲೆಕ್ಕ?" ಮ್ಯಾನೇಜರು ದೇವರಮನಿ ಗುಡುಗಿದರು.
"ನಮ್ಮ ಸರದಿ ಬಂದಾಗ ಅಗಸಿಯಲ್ಲೇ ಸುಂಕ!
ಈ ದೇಶಕ್ಕೆ ರೈಲು ಬೇಡವೇ, ಸೇತುವೆ ಬೇಡವೇ?"
ಖರೆ ಅನ್ನಿಸಿತು. ಚಹಾ ಕುಡಿದು
ಎರಡು ಪಾಯಿಂಟ್ ನಾಲ್ಕು ಅಂತ ಬರೆದೆ.
ಆಮೇಲಿನ ಎರಡು ಅಂಕಿ ನನ್ನವೇ.

ಮನೆಗೆ ಬಂದರೆ ಮಾಳಿಗೆಯ ಮೇಲೆ ಹುಲಿಗೆಮ್ಮ
ಸಂಡಿಗೆ ಒಂದೊಂದೇ ಎತ್ತಿ ಊದುತ್ತಿದ್ದಳು.
ಬಿಳಿ ಧೋತರದ ತುಂಬ ಕರಿ ಪುಡಿ, ಎಳ್ಳು ಚೆಲ್ಲಿದಂತೆ.
"ಏನ್ ಬರದ್ರಿ ಇವತ್ತು?"
ಹೊಗೆ, ಅಂದೆ.
"ಯಾರಿಗೆ?"
ಕಡಲಾಚೆಯವರಿಗೆ.
ತುಸು ಹೊತ್ತು ಊದುವುದನ್ನು ನಿಲ್ಲಿಸಿದಳು.
"ಅಷ್ಟು ದೂರದವರು ಕೇಳ್ತಾರ.
ಅವರ ಆಸೆ ಏನರ ಇರಲಿ.
ಈ ಓಣ್ಯಾಗ ಯಾರೂ ಕೇಳಿಲ್ಲಲ್ಲ."

ಅವರು ಕೇಳುವುದು
ಉಕ್ಕಿನ ಜೊತೆ ಹಡಗು ಹತ್ತಿದ ಹೊಗೆಯನ್ನು.
ಇಲ್ಲೇ ಉಳಿದು, ಹಾಲಿನ ಮೇಲೆ
ಕೆನೆಗಿಂತ ಮೊದಲು ಬಂದು ಕೂತದ್ದಕ್ಕೆ
ಆ ನಮೂನೆಯಲ್ಲೂ ಕಾಲಂ ಇಲ್ಲ,
ದೇವರಮನಿಯವರ ದೇಶದಲ್ಲೂ ಇಲ್ಲ.

ಮರುದಿನ ಕೊನೆಯ ಸಾಲಿಗೆ ಬಂದೆ. ಷರಾ.
ಖಾಲಿ ಬಿಡುವುದು ವಾಡಿಕೆ.
ಜೇಬಿನಲ್ಲಿ, ಬಸ್ ಟಿಕೀಟಿನಲ್ಲಿ ಸುತ್ತಿದ
ಒಂದು ಸಂಡಿಗೆ.
ಪೆನ್ನಿನ ಮುಚ್ಚಳ ತೆಗೆದು ಕೂತೆ.
ಕಿಟಕಿಯಾಚೆ ಗಾಳಿ ತಿರುಗಿತ್ತು,
ಹೊಗೆ ಹಿಟ್ನಾಳದ ಕಡೆ ಹೊರಟಿತ್ತು.
ಅಲ್ಲಿಯೂ ಯಾರೋ ಇವತ್ತು
ಧೋತರ ಹಾಸಿರಬಹುದು.