ಎರಡು ಇಂಚು

ಎರಡು ಇಂಚು ಎತ್ತರಿಸಿದೆ ನನ್ನ ಡೆಲಿಕಾವನ್ನು.
ಅಷ್ಟೇ. ಆಕಾಶಕ್ಕೆ ಮೂರು ಬೆರಳು ಹತ್ತಿರ.
ಕುತೈಸಿಯಿಂದ ತರಿಸಿದ ಸ್ಪ್ರಿಂಗು,
ಹಳದಿ ಬಳಿದ ಶಾಕ್ ಅಬ್ಸಾರ್ಬರು,
ಒಂದು ಬೇಸಿಗೆ ಪೂರಾ ಪ್ರವಾಸಿಗಳನ್ನು ಹೊತ್ತ ದುಡ್ಡು.
ಬಂಡೆಗಳು ಇನ್ನು ಹೊಟ್ಟೆ ಕೆರೆಯವು ಅಂದುಕೊಂಡೆ.

ಮೊದಲ ದಿನ ಉಶ್ಗುಲಿಯಿಂದ ಮೆಸ್ತಿಯಾಕ್ಕೆ
ಮಕ್ವಾಲಾ ಅಜ್ಜಿಯ ಬುಟ್ಟಿಯಲ್ಲಿ ಮೂವತ್ತು ಮೊಟ್ಟೆ.
ಇಳಿದಾಗ ಹದಿನೇಳು.
ಉಳಿದದ್ದು ಒಣಹುಲ್ಲಿನ ನಡುವೆ ಜಿನುಗುವ ಹಳದಿ,
ಥೇಟು ಶಾಕ್ ಅಬ್ಸಾರ್ಬರಿನ ಬಣ್ಣ.
ದುಡ್ಡು ಕೇಳಲಿಲ್ಲ ಮುದುಕಿ. ಇದ್ದವನ್ನೇ
ಎಲ್ಲರಿಗೂ ಕೇಳುವಂತೆ ಎಣಿಸಿದಳು. ಆಮೇಲೆ,
‘ಹಳೇದು ದಣಿದಿತ್ತು, ಬಿಮುರ್ಜಾ,
ಆದರೂ ಹೇಳಿದ ಮಾತು ಕೇಳ್ತಿತ್ತು.’

ಕಾಸಿಗೆ ತಕ್ಕ ಕಜ್ಜಾಯ. ನನ್ನದರಲ್ಲಿ ಬರೀ ಕಲ್ಲು.

ಗಾಳಿ ಇಳಿಸು, ಅಂದ ಬಂಕಿನ ಹುಡುಗ.
ನಲವತ್ತರಿಂದ ಮೂವತ್ತಕ್ಕೆ ಇಳಿಸಿದೆ. ಹತ್ತೊಂಬತ್ತು ಮೊಟ್ಟೆ.
ಹೊಸತಲ್ಲವೇ, ಪಳಗಲಿ ಬಿಡು, ಅಂದ
ಮಾರಿದವನು ಫೋನಿನಲ್ಲಿ, ಏನನ್ನೋ ಅಗಿಯುತ್ತ.
ಸಾವಿರ ಕಿಲೋಮೀಟರು ಪಳಗಿಸಿದೆ.
ಪಳಗಿದ್ದು ನನ್ನ ಸೊಂಟ.
ಭಾರ ಸಾಲದು ಅದಕ್ಕೆ, ಅಂದ ಭಾವಮೈದುನ ಗೆಲಾ.
ಹಿಂದೆ ನಾಲ್ಕು ಮೂಟೆ ಆಲೂಗಡ್ಡೆ ಹೇರಿದೆ.
ಇಪ್ಪತ್ತೆರಡು ಮೊಟ್ಟೆ ಉಳಿದವು,
ಕಾಲಿಡಲು ಜಾಗ ಉಳಿಯಲಿಲ್ಲ;
ಪೋಲೆಂಡಿನ ದಂಪತಿ ಮೂಟೆಯ ಮೇಲೆ ಕೂತು
ಹಿಮದ ಶಿಖರದ ಬದಲು ನನ್ನ ಕತ್ತನ್ನೇ ದಿಟ್ಟಿಸಿದರು.

ಮುಂದಿನ ಟಾರ್ಷನ್ ಬಾರಿನ ಬೋಲ್ಟನ್ನು
ನಾನೇ ಮೂರು ಸುತ್ತು ಸಡಿಲಿಸಿದೆ ಒಂದು ರಾತ್ರಿ.
ಮೂಗು ತಗ್ಗಿತು, ಹಾಯಲು ಹೊರಟ ಟಗರಿನ ಹಾಗೆ.
ಮುಂದೆ ಮೆತ್ತಗಾಯಿತು.
ಹಿಂದೆ ಮಾತ್ರ ಅದೇ ಒದೆತ, ಅದೇ ಕಿರ್‍ರ್ ಎಂಬ ಸದ್ದು,
ಪ್ರತಿ ಹಳ್ಳದಲ್ಲೂ ಯಾರೋ ಹಲ್ಲು ಕಡಿದಂತೆ.

ಬೇಚೋದಲ್ಲಿ ತ್ಸಿಯೂರಿ ಇದ್ದಾಳೆ.
ಹಳೇ ಹಾಲಿನ ಡೈರಿಯೊಳಗೆ ಅವಳ ಗ್ಯಾರೇಜು;
ಟ್ರಾಕ್ಟರಿಗೆ ಬೆಸುಗೆ ಹಾಕುವ ಕೈ.
ಟಾರ್ಚು ಹಿಡಿದು ಗಾಡಿಯ ಕೆಳಗೆ ಜಾರಿದಳು.
ಕಂಡದ್ದು ಎರಡು ಬೂಟು. ಬಹಳ ಹೊತ್ತು ಬೂಟು ಮಾತಾಡಲಿಲ್ಲ.
‘ಈ ಬೋಲ್ಟು ಬಿಗಿದಾಗ ಗಾಡಿ ಎಲ್ಲಿತ್ತು?’
ಜಾಕಿನ ಮೇಲೆ.
‘ಚಕ್ರ?’
ಗಾಳಿಯಲ್ಲಿ ನೇತಾಡ್ತಿತ್ತು.
‘ನೋಡು ಮತ್ತೆ. ನೇತಾಡುವಾಗಲೇ ಬಿಗಿದುಬಿಟ್ಟೆ,
ಬುಷ್ಷಿನ ರಬ್ಬರು ಅದನ್ನೇ ಮನೆ ಅಂದುಕೊಂಡಿದೆ.
ನೆಲಕ್ಕಿಳಿದಾಗೆಲ್ಲ ಒದ್ದೆ ಬಟ್ಟೆಯ ಹಾಗೆ ಹಿಂಡ್ತಿದ್ದೀಯ.’

ಎಂಟು ಬೋಲ್ಟು. ಒಂದೊಂದೇ ಸಡಿಲಿಸಿದಳು.
ಐದನೆಯದು ಬಿಟ್ಟಾಗ
ಗಾಡಿ ಒಮ್ಮೆಲೇ ಕುಸಿಯಿತು, ಅರ್ಧ ಬೆರಳಷ್ಟು;
ಮದುವೆ ಮನೆಯಿಂದ ಬಂದವಳು ಸೊಂಟದ ಪಟ್ಟಿ
ಬಿಚ್ಚಿದಾಗ ಬಿಡುವಂಥ ಉಸಿರು.

‘ನೀನು ಒಳಗೆ ಕೂರು. ಮೂಟೆ ಎರಡೇ ಸಾಕು.
ಅದರ ಭಾರ ಅದೇ ಹೊತ್ತು ನಿಲ್ಲಲಿ ಮೊದಲು.’
ಕೂತೆ, ಕೈ ಸ್ಟೀರಿಂಗಿನ ಮೇಲೆ, ಎಂಜಿನ್ ಆರಿಸಿ.
ಗಾಜಿನಾಚೆ ಉಶ್ಬಾದ ಎರಡು ಕೋಡು,
ಮೋಡ ಒಂದಕ್ಕೆ ಮಾತ್ರ.
ಬೆನ್ನ ಹಿಂದೆ, ನೆಲದ ಹತ್ತಿರ,
ಅವಳ ಸ್ಪಾನರು ಟಿಕ್ ಅಂದಿತು. ಎಣಿಸಿದೆ.
ಎಂಟಾದ ಮೇಲೂ ಏಳಲು ಮನಸ್ಸಾಗಲಿಲ್ಲ.

ಮರುದಿನ ಇಪ್ಪತ್ತೊಂಬತ್ತು ಮೊಟ್ಟೆ.
ಒಂದು ಮನೆಯಲ್ಲೇ ಒಡೆದಿತ್ತು, ಅಂದಳು ಮಕ್ವಾಲಾ.
ನಂಬಲಿಲ್ಲ. ಕೆದಕಲೂ ಇಲ್ಲ.

ಸಂಜೆ ಟೇಪು ತಂದು ಅಳೆದೆ, ಯಾರೂ ಇಲ್ಲದಾಗ.
ಚಕ್ರದ ನಡುವಿನಿಂದ ಮೇಲಿನ ಕಮಾನಿನವರೆಗೆ,
ನಾಲ್ಕೂ ಕಡೆ, ಎರಡೆರಡು ಸಲ.
ಎರಡು ಇಂಚಿಲ್ಲ. ಒಂದೂಕಾಲು.
ಗೆಲಾನಿಗೆ ಇನ್ನೂ ಹೇಳಿಲ್ಲ.