ಅಂತೆ

ಹುವಾಂಟಾ ಕೋರ್ಟಿನಲ್ಲಿ ನನಗೆ ಹೆಸರಿಲ್ಲ.
ದುಭಾಷಿ ಅನ್ನುತ್ತಾರೆ. ಸಾಕ್ಷಿಕಟ್ಟೆಯ ಎಡಕ್ಕೆ
ಒಂದು ಕಾಲು ಮೋಟಾದ ಕುರ್ಚಿ.
ಅದರಲ್ಲಿ ಕೂತು ಹದಿನೇಳು ವರ್ಷ
ಊರವರ 'ನಾನು'ಗಳನ್ನೆಲ್ಲ ಆಡಿದ್ದೇನೆ:
ನಾನು ಕದ್ದೆ. ನಾನು ಬೇಲಿ ಸರಿಸಿದೆ.
ನಾನು ಅವಳ ಗಂಡ, ಹೊಡೆದದ್ದು ನಾನೇ.
ಸಂಜೆಯೊಳಗೆ ಹತ್ತು ಜನರ ನಾನು ಬಾಯಿಂದ ಹಾದು,
ರಾತ್ರಿ ಸೂಪಿಗೆ ಉಪ್ಪು ಸಾಲದೆಂದು ಹೇಳಬೇಕಾದರೂ
ಒಂದು ಗಳಿಗೆ ಹುಡುಕುತ್ತೇನೆ,
ಯಾರಿಗೆ ಸಾಲದು?

ಈ ಸೋಮವಾರ ದಿಯೋನಿಸಿಯೊ ಯಾರಂಗ, ಲಾರಿ ಡ್ರೈವರ್.
ಟೋಪಿಯನ್ನು ಮಂಡಿಯ ಮೇಲಿಟ್ಟು
ಅದರೊಳಗೇ ಮಾತಾಡಿದ:
ಹಬ್ಬದ ರಾತ್ರಿ ಕುಡಿದಿದ್ದೆ.
ಲಾರಿ ಹತ್ತಿದೆನಂತೆ.
ಇಳಿಜಾರಲ್ಲಿ ಓಡಿಸಿದೆನಂತೆ.
ಎಲಿಸೆಯೊನ ಮಗನ ಕಾಲ ಮೇಲೆ ಹರಿಸಿದೆನಂತೆ.

ನಮ್ಮ ಕೆಚುವಾದಲ್ಲಿ ಮಾತಿಗೊಂದು ಬಾಲವುಂಟು,
ಕಂಡದ್ದಕ್ಕೆ ಒಂದು, ಕೇಳಿದ್ದಕ್ಕೆ ಬೇರೆ.
ನಿದ್ದೆಯಲ್ಲಿ ಗೊರೆದವನು, ಕುಡಿದು ಬಿದ್ದವನು,
ಹುಟ್ಟಿದ ದಿನ ತಾನು ಅತ್ತದ್ದನ್ನು ಹೇಳುವವನು
ತನ್ನ ಸಂಗತಿಯನ್ನೂ ಪಕ್ಕದೂರಿನ ಸುದ್ದಿಯಂತೆ ಹೇಳಬೇಕು.
ಸುಳ್ಳಲ್ಲ, ವ್ಯಾಕರಣ.
ಸ್ಪ್ಯಾನಿಷಿಗೆ ಆ ಬಾಲ ಇಲ್ಲ.
"ನಾನು ಓಡಿಸಿದೆ ಎಂದು ಜನ ಹೇಳುತ್ತಾರೆ" ಎಂದೆ.
ನ್ಯಾಯಾಧೀಶೆ ಕನ್ನಡಕ ತೆಗೆದರು:
"ಜನ ಹಾಗಿರಲಿ. ಅವನೇನು ಹೇಳುತ್ತಾನೆ?"

ಒಂಬತ್ತು ವರ್ಷದ ಹಿಂದೆ, ಒಂದು ಶುಕ್ರವಾರ,
ನಾಲ್ಕು ಗಂಟೆಯ ಬಸ್ಸು ಹಿಡಿಯುವ ಆತುರದಲ್ಲಿ
ಒಬ್ಬನ 'ಕೊಂದೆನಂತೆ'ಯ ಬಾಲ ಕತ್ತರಿಸಿ
'ಕೊಂದೆ' ಎಂದಿದ್ದೆ.
ಬಸ್ಸು ಸಿಕ್ಕಿತು. ಅವನಿಗೆ ಆರು ವರ್ಷ.
ತಪ್ಪಾಯಿತು ಅಂದುಕೊಳ್ಳುತ್ತಿದ್ದೆ ಆಗಾಗ,
ಮಳೆಯಾಯಿತು, ರಾತ್ರಿಯಾಯಿತು ಅನ್ನುವ ಹಾಗೆ.

ಭಾನುವಾರ ಪಾದ್ರಿ ಹೇಳುತ್ತಾರೆ, ನಾನು ಎಂಬುದು ಸಾಯಲಿ.
ಸರಿಯೇ. ನೀರಿನ ತೊಟ್ಟಿಗೆ ತನ್ನ ಹೆಸರು ಬರೆಸಿ
ನೀರು ಬಿಡಿಸದ ಮೇಯರನನ್ನು ಕಂಡಿದ್ದೇನೆ.
ಆದರೆ ನನ್ನ ಚಿಕ್ಕಮ್ಮ ತಿಯೋಫಿಲಾಳನ್ನೂ ಕಂಡಿದ್ದೇನೆ.
ಸೈನಿಕರು ಬಂದುಹೋದ ವರ್ಷದಿಂದ
ನಾನು ಅನ್ನುವುದನ್ನು ಬಿಟ್ಟಳು.
ಉಣ್ಣಲು ಬಾಗಿಲನ್ನು ಕೇಳುತ್ತಾಳೆ,
ಕೋಳಿಗೆ ಕ್ಷಮೆ ಕೋರುತ್ತಾಳೆ.
ಯಾರಿಗೂ ಕೇಡು ಬಗೆದವಳಲ್ಲ.
ಪಕ್ಕದ ಮನೆಯ ಕೂಸು ಒಲೆಯತ್ತ ತೆವಳಿದಾಗಲೂ
ನೋಡುತ್ತ ನಿಂತಿದ್ದಳು.
ಎತ್ತಿಕೊಳ್ಳಬೇಕಾದವಳು ಮನೆಯಲ್ಲಿರಲಿಲ್ಲ.

ಕಂಬಳಿಯಲ್ಲಿ ಮಗುವನ್ನು ಬೆನ್ನಿಗೇರಿಸಿ
ಎದೆಯ ಮೇಲೆ ಗಂಟು ಹಾಕಲು ಅಮ್ಮ ಕಲಿಸಿದ್ದಳು.
ಬಿಗಿದರೆ ನೀನು ಉಸಿರಾಡಲ್ಲ,
ಸಡಿಲ ಬಿಟ್ಟರೆ ಮಗು ಉಳಿಯಲ್ಲ.
ಏರು ಹತ್ತುವಾಗ ಒಂದು ಕೈ
ಸದಾ ಗಂಟಿನ ಮೇಲಿರಲಿ, ಅಂದಿದ್ದಳು.

ಊಟದ ಬಿಡುವಾದ ಮೇಲೆ ಯಾರಂಗ ಎದ್ದು ನಿಂತ.
ಮೂರನೇ ಬೆಂಚಿನಲ್ಲಿ ಹುಡುಗ,
ಊರುಗೋಲಿನ ರಬ್ಬರನ್ನು ಉಗುರಿಂದ ಕೀಳುತ್ತಿದ್ದ.
"ಓಡಿಸಿದೆ" ಅಂದ ಯಾರಂಗ. "ನಾನು."
ಕಂಡದ್ದಕ್ಕೆ ಹಚ್ಚುವ ಬಾಲ ಹಚ್ಚಿದ್ದ.
ಹಿಂದಿನ ಸಾಲಿನ ಮುದುಕಿಯರು ಉಸಿರು ಒಳಗೆಳೆದರು.
ಕಾಣದ್ದನ್ನು ಕಂಡೆನೆಂದು ಹೊತ್ತುಕೊಂಡಿದ್ದ.
ಟೋಪಿ ಕೆಳಗೆ ಬಿತ್ತು, ಬಗ್ಗಲಿಲ್ಲ.
ಸ್ಪ್ಯಾನಿಷಿನಲ್ಲಿ ಅದು ಬರೀ 'ಓಡಿಸಿದೆ'.
ನ್ಯಾಯಾಧೀಶೆ ಪುಟ ತಿರುಗಿಸಿದರು.

ಆಗ ನಾನೇಕೆ ಎದ್ದೆನೋ.
ದುಭಾಷಿ ತಪ್ಪಿದರೆ ಹೇಳಲು ಕ್ರಮವುಂಟು,
'ದುಭಾಷಿಯಿಂದ ತಪ್ಪಾಗಿದೆ' ಎನ್ನಬೇಕು.
ನಾನು ತಪ್ಪಿದೆ, ಅಂದೆ.
ಒಂಬತ್ತು ವರ್ಷದ ಹಿಂದೆ, ಶುಕ್ರವಾರ, ನಾನು.
ನನ್ನ ದನಿ ನನಗೇ ಅಪರಿಚಿತ,
ತುಸು ಕೀರಲು.

ಸಂಜೆ ದಾಖಲೆ ಓದಿದರೆ ಆ ಮಾತು
ಯಾರಂಗನ ಹೇಳಿಕೆಯೊಳಗೆ ಸೇರಿಹೋಗಿದೆ.
ಗುಮಾಸ್ತನ ಬೆರಳಿಗೆ ನನ್ನ ಬಾಯಿಯ ನಾನು
ಬೇರೆ ಯಾರದೋ ಆಗಿಯೇ ಅಭ್ಯಾಸ.
ಪೆನ್ನು ಇಸಿದುಕೊಂಡೆ. ಆ ಸಾಲು ಹೊಡೆದು
ಅಂಚಿನಲ್ಲಿ ಬರೆದೆ, ಯೂಲೋಗಿಯಾ ಐಕಿಪಾ.
ಜಾಗ ಸಾಲದೆ ಕೊನೆಯ ಅಕ್ಷರ ಕೆಳಗಿಳಿಯಿತು.

ಹದಿನೇಳು ವರ್ಷ ಎದುರಿಗೆ ಕೂತ ಗುಮಾಸ್ತ
ಕಾಗದವನ್ನು ಬೆಳಕಿಗೆ ಹಿಡಿದು ಕೇಳಿದ,
ಇದು ಯಾರು?