ಎರಡನೇ ಹಂತ

ಮೊದಲನೇ ಹಂತ ಎಲ್ಲಿದೆ ಎಂದು ಯಾರನ್ನೂ ಕೇಳಬೇಡಿ.
ಕಮಾನಿನ ಮೇಲೆ ಬರೆದಿರುವುದೇ ಹೀಗೆ:
ಸಿರಿಕಾಂತ ಬಡಾವಣೆ, ಎರಡನೇ ಹಂತ.
ಹಾಸನಕ್ಕೆ ಹತ್ತೇ ನಿಮಿಷ ಅಂದಿದ್ದ ಬ್ರೋಕರು.
ಅವನ ಬುಲೆಟ್ಟಿನಲ್ಲಿ, ರಾತ್ರಿ ಹನ್ನೊಂದಕ್ಕೆ, ಇರಬಹುದು.
ನಮಗೆ ಬಸ್ಸಿನಲ್ಲಿ ನಲವತ್ತು.

ಆರು ಹತ್ತಕ್ಕೆ ಮೊದಲ ಬಸ್ಸು.
ಸ್ಟಾಪಿಲ್ಲ. ಟ್ರಾನ್ಸ್‌ಫಾರ್ಮರಿನ ಬುಡದಲ್ಲಿ ನಿಂತರೆ ಅದೇ ಸ್ಟಾಪು.
ಗುಂಯ್ ಎನ್ನುತ್ತದೆ ತಲೆಯ ಮೇಲೆ,
ಯಾರೂ ಮಾತಾಡದಿದ್ದರೂ ಮಾತು ನಡೆದ ಹಾಗೆ.
ಗಾರ್ಮೆಂಟ್ಸಿನ ಹುಡುಗಿಯರು ಒದ್ದೆ ಜಡೆಯಲ್ಲಿ,
ಡೈರಿಯ ಪ್ಯಾಕಿಂಗಿನವರು, ಜವಳಿ ಅಂಗಡಿಯ ಮೂವರು,
ಸಾರು ಚೆಲ್ಲದಂತೆ ಬ್ಯಾಗು ನೆಟ್ಟಗೆ ಹಿಡಿದ ಒಬ್ಬ ಮೇಷ್ಟ್ರು.
ನಮಗೆ ಸೊನ್ನೆ ರೂಪಾಯಿ ಟಿಕೆಟ್ಟು,
ಆದರೂ ಹರಿದು ಕೊಡಬೇಕು, ಇಳಿಯುವ ತನಕ ಕಳೆಯಬಾರದು.
ತಲೆ ಒಂದು ಕಮ್ಮಿ ಬಿದ್ದರೆ ಡ್ರೈವರು ಹಾರನ್ನು ಹೊಡೆಯುತ್ತಾನೆ.
ಎರಡು ಸಲ. ಮೂರನೆಯದಕ್ಕೆ ಗೇರು.

ನಾವು ಒಬ್ಬರನ್ನೊಬ್ಬರು ಬಲ್ಲೆವು, ಹಿಂದಿನಿಂದ:
ಕತ್ತಿನ ಮಚ್ಚೆ, ಸೇಫ್ಟಿ ಪಿನ್ನು,
ಸ್ವೆಟರಿನಲ್ಲಿ ಬಿಟ್ಟುಹೋದ ಒಂದು ಹೆಣಿಗೆ.
ಭಾನುವಾರ ಅಂಗಡಿಯಲ್ಲಿ ಎದುರೆದುರು ಸಿಕ್ಕರೆ
ನೈಟಿಯ ಮೇಲೆ ಟವೆಲು ಹೊದ್ದ ಇವಳು ಯಾರೆಂದು ತಿಳಿಯದೆ
ಇಬ್ಬರೂ ಮೊಸರಿನ ಪ್ಯಾಕೆಟ್ಟಿನ ತಾರೀಖು ಓದುತ್ತೇವೆ.

ದೊಡ್ಡಾಸ್ಪತ್ರೆಯಲ್ಲಿ ನನ್ನ ಕೆಲಸ ಹೆಸರು ಕೂಗುವುದು.
ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ನಿಂತು ದಿನಕ್ಕೆ ಇನ್ನೂರು.
ಆಲೂರಿನವರು, ಬೇಲೂರಿನವರು, ಹೆಸರೇ ಕೇಳದ ಹಟ್ಟಿಯವರು;
ಕೂಗಿದರೆ ಯಾರೋ ಒಬ್ಬರು ಎದ್ದು ಬರುತ್ತಾರೆ,
ಮುರಿದ ಕೈಯನ್ನು ಇನ್ನೊಂದು ಕೈಯಲ್ಲಿ ಎತ್ತಿಕೊಂಡು.
ನನ್ನ ಬೀದಿಯಲ್ಲಿ ನಿಂತು ಕೂಗೋಣವೆಂದರೆ
ಒಂದು ಹೆಸರೂ ಗೊತ್ತಿರಲಿಲ್ಲ.

ರಾತ್ರಿ ಎಂಟಕ್ಕೆ ಇಳಿದಾಗ ಕಮಾನಿನ ದೀಪದಲ್ಲಿ
'ಕಾಂತ' ಮಿನುಗುತ್ತದೆ, 'ಸಿರಿ' ಕೆಟ್ಟಿದೆ.
ಮೋಟಾರು ಹಾಕಿ, ಸಂಪಿನೊಳಗೆ ಟಾರ್ಚು ಬಿಟ್ಟು ನೋಡಿ,
ಅನ್ನಕ್ಕಿಟ್ಟು, ಮಲಗುವ ಮೊದಲು ಒಂದು ಲೆಕ್ಕ:
ನೂರ ಎಂಬತ್ತು ಕಂತಿನಲ್ಲಿ ಮೂವತ್ತೇಳು.

ಮೊನ್ನೆ ಬಸ್ ಮುಷ್ಕರ.
ಆರು ಹತ್ತಾಯಿತು, ಏಳಾಯಿತು, ಟ್ರಾನ್ಸ್‌ಫಾರ್ಮರು ಮಾತ್ರ ಗುಂಯ್.
ಆಟೋದವನು ತಲೆಗೆ ನೂರೈವತ್ತು ಅಂದ.
ಹುಡುಗಿಯರು ಚಪ್ಪಲಿ ಬಿಚ್ಚಿ ಮೋರಿಕಟ್ಟೆಯ ಮೇಲೆ ಕೂತರು.

ಹಾಗಾಗಿ ಹನ್ನೊಂದು ಗಂಟೆಗೆ ನಾನು ನನ್ನ ಅಡುಗೆಮನೆಯಲ್ಲಿದ್ದೆ.
(ಭಾನುವಾರ ಆ ಹೊತ್ತಿಗೆ ಹಿತ್ತಲ ಕಲ್ಲು, ವಾರದ ಬಟ್ಟೆ.)
ಕಿಟಕಿಯಿಂದ ಬಿಸಿಲು ಇಳಿದು ಗ್ಯಾಸ್ ಸಿಲಿಂಡರಿನ ಮೇಲೆ ಕೂತಿತು,
ಆಮೇಲೆ ಅಕ್ಕಿಡಬ್ಬ, ಆಮೇಲೆ ಮೊರ.
ಮೂರು ವರ್ಷದಿಂದ ಬೀಗ ಹಾಕಿದ ಮನೆಯಲ್ಲಿ
ಹೀಗೇ ಓಡಾಡಿಕೊಂಡಿತ್ತೋ ಏನೋ,
ಕಂತು ನನ್ನದು.

ಗೇಟಿನಾಚೆ ದೊಡ್ಡತಾಯಮ್ಮ, ಎರಡು ಮೇಕೆ.
ಇದೆಲ್ಲ ಅವಳ ಹೊಲ. ಮಾರಿದ್ದಕ್ಕೆ ಬೇಜಾರಿಲ್ಲ,
ಹೆಣ್ಣುಮಕ್ಕಳಿಗೂ ಪಾಲು ಕೊಟ್ಟೆ ಎಂದು ನಗುತ್ತಾಳೆ,
ಆದರೆ ಕ್ರಾಸು ಮೇನು ಅವಳ ಬಾಯಿಗೆ ಬರುವುದಿಲ್ಲ.
"ನೀನಿರೋದು ಹುರುಳಿತಾಕಲ್ಲಿ ಕಣವ್ವ.
ಮೇಷ್ಟ್ರು ಬದುವಿನ ಮೇಲೆ.
ಆ ಹಸುರು ಮನೆ ಇದೆಯಲ್ಲ, ಅದು ಆಲೂಗೆಡ್ಡೆ ತಗ್ಗು,
ಮಳೆ ಹಿಡೀತು ಅಂದ್ರೆ ನೀರು ನಿಲ್ತದೆ. ಅವರಿಗೊಂದು ಮಾತು ಹೇಳು."

ಅವರು ಎಂದರೆ ಯಾರು?

ಹೋದೆ. ಬಾಗಿಲು ತೆಗೆದ ಮುಖ ಗುರುತಾಗಲಿಲ್ಲ.
ಕುರ್ಚಿ ತರಲು ಆಕೆ ಒಳಗೆ ತಿರುಗಿದಳು.
ಕತ್ತಿನ ಎಡಕ್ಕೆ, ಮಚ್ಚೆ.
"ಅಯ್ಯೋ, ನೀವಾ," ಅಂದೆ ಬೆನ್ನಿಗೆ.
ಜಸಿಂತಾ. ಜವಳಿ ಅಂಗಡಿ, ಬ್ಲೌಸ್ ಪೀಸಿನ ಕೌಂಟರು.
ಸಂಪಿನ ಅಂಚಿನ ಬಿರುಕಲ್ಲಿ ಯಾರೂ ಬಿತ್ತದ ಆಲೂಗೆಡ್ಡೆಯ ಎಲೆ;
ಕಳೆ ಅಂದುಕೊಂಡು ತಿಂಗಳಿಗೊಮ್ಮೆ ಕೀಳುತ್ತಾಳಂತೆ.

ಮಾರನೇ ದಿನ ಆರು ಹತ್ತು. ಒಂದು ತಲೆ ಕಮ್ಮಿ.
ಹಾರನ್ನು ಒಂದಾಯಿತು, ಎರಡಾಯಿತು.
ದೂರದಲ್ಲಿ ಹಸುರು ಗೇಟಿನ ಚಿಲಕದ ಸದ್ದು.
ನಾನು ಫುಟ್‌ಬೋರ್ಡಿಗೆ ಬಂದು ಕೂಗಿದೆ,
ಅಭ್ಯಾಸಬಲ, ಆಸ್ಪತ್ರೆಯ ಅದೇ ದನಿಯಲ್ಲಿ:
"ಜಸಿಂತಾ! ಯಾರ್ರೀ ಜಸಿಂತಾ!"

ಇಡೀ ಬಸ್ಸು ತಿರುಗಿತು,
ಅಷ್ಟೂ ಮುಖ.